ನಾರಾಯಣನಿಗೂ ಯಮನಿಗೂ ನಡುವೆ

(ವೈದ್ಯರ ದಿನಾಚರಣೆಯ ಅಂಗವಾಗಿ ಸಾರ್ವಜನಿಕ ಸಭೆಯೊಂದರಲ್ಲಿ ಹಿರಿಯ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ವೈದ್ಯರ ದಿನದಂದು ವೈದ್ಯನೊಬ್ಬನನ್ನೇ ಕರೆದು ವೈದ್ಯರ ಬಗ್ಗೆ ಮಾತನಾಡಿ ಎನ್ನುವುದು ಸ್ವಲ್ಪ ಮುಜುಗರದ ಸಂಗತಿ. ಮದುವೆ ಮನೆಯಲ್ಲಿ ವರನ ಕೈಗೇ ಮೈಕು ಕೊಟ್ಟು ವರನ ಗುಣಗಾನ ಮಾಡಿಸಿದ ಹಾಗೆ. ಸ್ವಾಗತ ಭಾಷಣ ಮಾಡಿದ ಮಿತ್ರರು 'ವೈದ್ಯನೆಂದರೆ ಸಾಕ್ಷಾತ್ ನಾರಾಯಣ' ಎಂಬ ಹಳೆಯ ಮಾತನ್ನು ನೆನಪಿಸಿದರು. ಇಂಥ ಸಭೆಗಳಲ್ಲೆಲ್ಲ ಈ ಮಾತು ಬಂದೇ ಬರುತ್ತದೆ. ಅವರ ಪ್ರೀತಿಗೆ ನಾನು ಕೃತಜ್ಞ. ಆದರೆ ಇವತ್ತು ನನ್ನ ಮಾತು ಆ ಮಾತಿನ ಮೇಲಿನ ತಕರಾರಿನಿಂದಲೇ ಶುರುವಾಗಬೇಕಾಗಿದೆ.

ಆ ಮಾತು ಇರುವ ಶ್ಲೋಕವನ್ನು ಪೂರ್ತಿಯಾಗಿ ನೋಡಿದರೆ ಅರ್ಥ ಬೇರೆಯೇ ಆಗುತ್ತದೆ. ಶರೀರ ಜೀರ್ಣವಾಗಿ, ರೋಗ ಮುತ್ತಿಕೊಂಡಾಗ ಗಂಗೆಯ ನೀರೇ ಔಷಧ, ನಾರಾಯಣನೇ ವೈದ್ಯ ಎಂದು ಅದರ ತಾತ್ಪರ್ಯ. ಅಂದರೆ ನಮ್ಮಂಥವರ ಕೆಲಸ ಮುಗಿದ ಮೇಲೆ ಹೇಳುವ ಮಾತು ಅದು. ನಾವು ಅದರ ಕೊನೆಯ ತುಣುಕನ್ನಷ್ಟೇ ಕಿತ್ತುಕೊಂಡು, ತಿರುಗಿಸಿ ಓದಿ, ನಾರಾಯಣನನ್ನು ವೈದ್ಯನನ್ನಾಗಿ ಮಾಡುವ ಬದಲು ವೈದ್ಯನನ್ನು ನಾರಾಯಣನನ್ನಾಗಿ ಮಾಡಿಬಿಟ್ಟಿದ್ದೇವೆ. ಅದೇ ಸಂಸ್ಕೃತದ ಸುಭಾಷಿತಗಳ ಗುಂಪಿನಲ್ಲಿ ಇನ್ನೊಂದು ಕುಚೋದ್ಯದ ಶ್ಲೋಕವೂ ಇದೆ. ಅದರಲ್ಲಿ ವೈದ್ಯನಿಗೆ ಯಮರಾಜನ ಸೋದರನೆಂದು ನಮಸ್ಕಾರ ಸಲ್ಲುತ್ತದೆ. ಅಣ್ಣ ಪ್ರಾಣವನ್ನಷ್ಟೇ ಒಯ್ಯುತ್ತಾನೆ, ತಮ್ಮ ಪ್ರಾಣದ ಜೊತೆಗೆ ಹಣವನ್ನೂ ಒಯ್ಯುತ್ತಾನೆ ಎಂಬ ವಿವರಣೆಯ ಸಮೇತ! ಈ ಶ್ಲೋಕವನ್ನು ಸ್ವಾಗತ ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಕೈಗೆ ಬಂದ ದಿನ ಎಲ್ಲರಿಗೂ ಇದೇ ನೆನಪಾಗುತ್ತದೆ.

ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಒಂದು ಇನ್ನೊಂದನ್ನು ಹೆರುತ್ತದೆ. ದೇವರೆಂದು ಕರೆಸಿಕೊಂಡವನ ಕೈಯಲ್ಲಿ ಸಾವು ಸಂಭವಿಸಿದರೆ ಅವನು ಬೇಕೆಂದೇ ಕೊಂದಿರಬೇಕು. ಏಕೆಂದರೆ ದೇವರಿಗೆ ಕೈಲಾಗದ್ದು ಎಂಬುದಿಲ್ಲವಲ್ಲ.

2020ನೇ ಇಸವಿಯನ್ನು ನೆನಪಿಸಿಕೊಳ್ಳಿ. ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ಮನೆಯ ಬಾಗಿಲಿಗೆ ಬಂದು ವೈದ್ಯರಿಗಾಗಿ, ದಾದಿಯರಿಗಾಗಿ ಚಪ್ಪಾಳೆ ತಟ್ಟಿತು, ತಟ್ಟೆ ಜಾಗಟೆ ಬಾರಿಸಿತು. ನಮ್ಮ ಬೀದಿಯಲ್ಲೂ ಬಾರಿಸಿದರು. ನನಗೆ ಕಣ್ಣು ತೇವವಾದದ್ದು ಸುಳ್ಳಲ್ಲ. ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ, ಏಪ್ರಿಲ್ 19ರಂದು ಚೆನ್ನೈಯಲ್ಲಿ ಕೋವಿಡ್‌ನಿಂದ ತೀರಿಕೊಂಡ ನರರೋಗ ಶಸ್ತ್ರಚಿಕಿತ್ಸಕರೊಬ್ಬರ ಶವವನ್ನು ಹೂಳಲು ಬಿಡದೆ ಜನ ಕಲ್ಲು, ದೊಣ್ಣೆ ಹಿಡಿದು ಅಟ್ಟಿದರು. ಜೊತೆಗಿದ್ದ ವೈದ್ಯ ಮಿತ್ರರೇ ಮಣ್ಣು ಎಳೆದು ಗುಂಡಿ ಮುಚ್ಚಬೇಕಾಯಿತು. ಅದೇ ದಿನಗಳಲ್ಲಿ ಹಲವು ಊರುಗಳಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಎಂದು ವೈದ್ಯರಿಗೆ, ದಾದಿಯರಿಗೆ ಮಾಲೀಕರು ಹೇಳಿದರು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವೆಂದು ಸಾರಿತು. ಜಾಗಟೆ ಬಾರಿಸಿದ ಕೈಗಳೂ ಕಲ್ಲೆತ್ತಿದ ಕೈಗಳೂ ಬೇರೆ ಬೇರೆಯವರವೇ ಇರಬಹುದು. ಆದರೆ ಎರಡರಲ್ಲೂ ಇದ್ದದ್ದು ಒಂದೇ, ಭಯ.

ಭಯದ ಈ ಕಥೆ ಹೊಸದೇನೂ ಅಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಸರ್ಕಾರದ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಮನೆಯೊಳಗೆ ನುಗ್ಗಿ ತಪಾಸಣೆ, ರೋಗಿಯನ್ನು ಮನೆಯವರಿಂದ ಅಗಲಿಸಿ ಕ್ಯಾಂಪಿಗೆ ಒಯ್ಯುವುದು, ಸಾಮಾನು ಸುಡುವುದು, ಇವೆಲ್ಲ ಅಂದಿನವರಿಗೆ ಚಿಕಿತ್ಸೆಯಂತೆ ಕಾಣಲಿಲ್ಲ, ದಾಳಿಯಂತೆ ಕಂಡವು. ಅವರನ್ನು ಮೂಢರೆಂದು ಜರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಯಾವುದನ್ನೂ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಪ್ಲೇಗಿನಲ್ಲಿ ಬೆಂಗಳೂರಿನ ಕ್ಯಾಂಪುಗಳಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ. ಮದರಾಸಿನಲ್ಲಿ ಓದಿ ವೈದ್ಯರಾಗಿದ್ದ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸ್ವಂತ ಊರು ಮುಟ್ಟಿಸಿಕೊಳ್ಳದ ಕೈ, ಯಾರೂ ಮುಟ್ಟಲು ಒಲ್ಲದ ಪ್ಲೇಗಿನ ಗಡ್ಡೆಗಳನ್ನು ಇಲ್ಲಿ ಮುಟ್ಟಿ ನೋಡಿತು. ಆ ಪ್ಲೇಗಿನ ನೆನಪಾಗಿ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿ ಇದೆ, ಮಲ್ಲೇಶ್ವರ ಬಸವನಗುಡಿಗಳೆಂಬ ಬಡಾವಣೆಗಳು ಇವೆ. ಕ್ಯಾಂಪಿನಲ್ಲಿ ದುಡಿದವರ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು.

ಇನ್ನು ಈ ದಿನದ ವಿಷಯ. ಜುಲೈ 1 ಡಾ. ಬಿಧಾನ್ ಚಂದ್ರ ರಾಯ್ ಅವರು ಹುಟ್ಟಿದ ದಿನ; ತೀರಿಕೊಂಡ ದಿನವೂ ಅದೇ. 1882ರಲ್ಲಿ ಹುಟ್ಟಿ 1962ರಲ್ಲಿ ಸರಿಯಾಗಿ ಎಂಬತ್ತು ತುಂಬಿದ ದಿನ ಹೋದರು. ಗಾಂಧೀಜಿಯವರಿಗೆ ಚಿಕಿತ್ಸೆ ಮಾಡಿದವರು, 1948ರಿಂದ ಕೊನೆಯವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು, 1961ರಲ್ಲಿ ಭಾರತರತ್ನ ಪಡೆದವರು. ಮುಖ್ಯಮಂತ್ರಿಯಾದ ಮೇಲೂ ಬೆಳಗಿನ ಹೊತ್ತು ಬಡ ರೋಗಿಗಳನ್ನು ಹಣ ಪಡೆಯದೆ ನೋಡುತ್ತಿದ್ದರು. 1991ರಿಂದ ಈ ದಿನವನ್ನು ನಾವು ವೈದ್ಯರ ದಿನವೆಂದು ಆಚರಿಸುತ್ತಿದ್ದೇವೆ. ಅಮೆರಿಕದವರು ಆರಿಸಿಕೊಂಡಿರುವುದು ಮಾರ್ಚ್ 30. 1842ರ ಆ ದಿನ ಕ್ರಾಫರ್ಡ್ ಲಾಂಗ್ ಎಂಬ ಹಳ್ಳಿಗಾಡಿನ ವೈದ್ಯ ಈಥರ್ ಮೂಸಿಸಿ ನೋವಿಲ್ಲದೆ ಒಂದು ಗಡ್ಡೆ ತೆಗೆದ. ಅವರು ಒಂದು ಕೆಲಸವನ್ನು ನೆನೆಯುತ್ತಾರೆ, ನಾವು ಒಬ್ಬ ಮಹಾಪುರುಷನನ್ನು ನೆನೆಯುತ್ತೇವೆ. ರಾಯ್ ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಕೆಲಸವನ್ನು ನೆನೆಯುವ ಪದ್ಧತಿಯೇ ನನಗೆ ಹೆಚ್ಚು ಹಿಡಿಸುತ್ತದೆ.

ಆ ಕೆಲಸದ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ. ನಾನು ವೃತ್ತಿ ಆರಂಭಿಸಿದ ಕಾಲದ ದವಾಖಾನೆಗಳನ್ನು ಇಲ್ಲಿರುವ ಹಿರಿಯರು ಕಂಡಿದ್ದೀರಿ. ಮುಂದೆ ಒಂದು ಬೆಂಚು, ಒಳಗೆ ಅರ್ಧ ಪರದೆ, ಪಕ್ಕದ ಕಿಟಕಿಯಲ್ಲಿ ಕಾಂಪೌಂಡರು. ರೋಗಿ ಮನೆಯಿಂದಲೇ ಸೀಸೆ ತರಬೇಕು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್‌ಚರ್ ಸುರಿದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ, ಹಲ್ಲಿಗೊಂದು ವೇಳೆಯಂತೆ ಕುಡಿಯಿರಿ ಎನ್ನುತ್ತಿದ್ದರು. ಆ ಮಿಕ್ಸ್‌ಚರಿನಲ್ಲಿ ಎಷ್ಟು ಔಷಧ, ಎಷ್ಟು ಬಣ್ಣ, ಎಷ್ಟು ನೀರು ಎಂಬುದು ನನಗೂ ಕಾಂಪೌಂಡರಿಗೂ ಗೊತ್ತಿತ್ತು. ಆ ಲೆಕ್ಕವನ್ನು ಇಲ್ಲಿ ಬಿಚ್ಚುವುದು ಬೇಡ. ಹಣವಿಲ್ಲದವರು ಬಾಳೆಗೊನೆಯನ್ನೋ ಹಲಸಿನಹಣ್ಣನ್ನೋ ತಂದಿಡುತ್ತಿದ್ದರು. ಹಲಸಿನ ಕಾಲದಲ್ಲಿ ನಮ್ಮ ಮನೆಯವರು ನನ್ನ ರೋಗಿಗಳ ಮೇಲೆ ಕೋಪಿಸಿಕೊಳ್ಳುತ್ತಿದ್ದುದೂ ಉಂಟು.

ಆಗ ನಮಗೆ ಸಿಗುತ್ತಿದ್ದ ದೊಡ್ಡ ಪ್ರಶಸ್ತಿಯೆಂದರೆ ಒಂದು ಶಬ್ದ: ಕೈಗುಣ. 'ಈ ಡಾಕ್ಟರ ಕೈಗುಣ ಚೆನ್ನಾಗಿದೆ' ಎಂದು ಒಬ್ಬ ಹೇಳಿದರೆ ಮರುದಿನ ಹತ್ತು ಜನ ಬರುತ್ತಿದ್ದರು. ತಲೆಗುಣ ಎನ್ನುವುದಿಲ್ಲ, ಓದಿನ ಗುಣ ಎನ್ನುವುದಿಲ್ಲ, ಕೈಗುಣ! ಮುಟ್ಟಿ ನೋಡುವವನ ಮೇಲಿನ ನಂಬಿಕೆ ಅದು. ನಾಡಿ ಹಿಡಿದು, ಹೊಟ್ಟೆ ಒತ್ತಿ, ರೆಪ್ಪೆ ಎಳೆದು ನೋಡಿ, ನಾಲಗೆ ಚಾಚಿಸಿ ನೋಡಿ, ಆ ಐದು ನಿಮಿಷಗಳಲ್ಲೇ ರೋಗಿಯ ಅರ್ಧ ಹೆದರಿಕೆ ಇಳಿಯುತ್ತಿತ್ತು. ಈಗ ಸ್ಕ್ಯಾನಿಂಗ್ ಯಂತ್ರ ನಮ್ಮ ಕೈಗಿಂತ ಸಾವಿರ ಪಾಲು ಚೆನ್ನಾಗಿ ನೋಡುತ್ತದೆ, ಅದನ್ನು ಹೀಗಳೆಯುವ ಹುಂಬ ನಾನಲ್ಲ. ಆದರೆ ಯಂತ್ರಕ್ಕೆ ಕೈಗುಣವಿದೆ ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ.

ವೈದ್ಯನ ಸುಖ ಯಾವುದು ಎಂದು ಹುಡುಗರು ಕೇಳುತ್ತಾರೆ. ಒಂದನ್ನು ಹೇಳುತ್ತೇನೆ. ನಾಗರಹಾವು ಕಚ್ಚಿದವರನ್ನು ಹೊತ್ತು ತರುತ್ತಾರೆ. ನಾಗರದ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಮನೆಯವರಿಗೆ ಇವನು ನಿದ್ದೆಗೆ ಜಾರುತ್ತಿದ್ದಾನೆ ಎನ್ನಿಸುತ್ತದೆ. ನಿದ್ದೆಯಲ್ಲ, ಅವನಿಗೆ ಎಲ್ಲ ಕೇಳುತ್ತಿರುತ್ತದೆ, ರೆಪ್ಪೆ ಎತ್ತಲು ಮಾತ್ರ ಆಗುತ್ತಿರುವುದಿಲ್ಲ. ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷವನ್ನು ಏರಿಸುತ್ತೇವೆ, ಜೊತೆಗೆ ಅಟ್ರೊಪಿನ್, ನಿಯೋಸ್ಟಿಗ್ಮಿನ್ ಕೊಡುತ್ತೇವೆ. ಆಮೇಲೆ ಕಾಯುವುದು. ಅದೃಷ್ಟವಿದ್ದರೆ ಅರ್ಧ ಗಂಟೆಯೊಳಗೆ ಆ ರೆಪ್ಪೆ ಕೂದಲೆಳೆಯಷ್ಟು ಮೇಲೇಳುತ್ತದೆ. ಮತ್ತೆ ಸ್ವಲ್ಪ. ಕೊನೆಗೆ ಕಣ್ಣಗುಡ್ಡೆ ನಿಮ್ಮತ್ತ ತಿರುಗುತ್ತದೆ. ಆ ನೋಟವನ್ನು ಕಂಡವನಿಗೆ ಬೇರೆ ಸಂಭಾವನೆಯ ನೆನಪಾಗುವುದಿಲ್ಲ. ಫೀಸು ಬೇಡವೆಂದಲ್ಲ; ಮರುದಿನ ನೆನಪಾಗುತ್ತದೆ.

ಸುಖವನ್ನು ಹೇಳಿದವನು ಇನ್ನೊಂದನ್ನೂ ಹೇಳಬೇಕು. 1983ರ ಮಳೆಗಾಲ. ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನೊಬ್ಬನೇ ವೈದ್ಯ. ರಾತ್ರಿ ಹತ್ತರ ಸುಮಾರಿಗೆ ಕಂಬಳಿಯ ಜೋಲಿಯಲ್ಲಿ ಒಬ್ಬ ಬಾಣಂತಿಯನ್ನು ಹೊತ್ತು ತಂದರು. ಸಂಜೆ ಮನೆಯಲ್ಲೇ ಹೆರಿಗೆಯಾಗಿತ್ತು, ಹೆಣ್ಣುಮಗು ಚೆನ್ನಾಗಿತ್ತು, ಮಾಸು ಮಾತ್ರ ಬಿದ್ದಿರಲಿಲ್ಲ. ತುಂಬಿದ ಬಸುರಿಯ ಗರ್ಭಕೋಶದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ರಕ್ತ ಹರಿಯುತ್ತದೆ. ಹೆರಿಗೆಯ ಬಳಿಕ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡು ತನ್ನ ರಕ್ತನಾಳಗಳನ್ನು ತಾನೇ ಹಿಚುಕಿ ಮುಚ್ಚಬೇಕು. ಅದು ಮುದುಡದಿದ್ದರೆ ಬಿಟ್ಟ ನಲ್ಲಿಯ ಹಾಗೆ. ನಾನು ಕೈಹಾಕಿ ಮಾಸು ತೆಗೆದೆ, ಮೆಥರ್ಜಿನ್ ಚುಚ್ಚಿದೆ, ಎರಡೂ ತೋಳಿಗೆ ಸಲೈನ್ ಏರಿಸಿ, ಹೊಟ್ಟೆಯ ಮೇಲೆ ಅಂಗೈಯೂರಿ ಒತ್ತಿ ಹಿಡಿದೆ. ಬೇಕಾಗಿದ್ದದ್ದು ರಕ್ತ. ಅದು ಇದ್ದದ್ದು ಜಿಲ್ಲಾ ಆಸ್ಪತ್ರೆಯಲ್ಲಿ, ಅರವತ್ತು ಕಿಲೋಮೀಟರ್ ದೂರ. ಜೀಪಿನಲ್ಲಿ ಹೊರಟೆವು. ಘಾಟಿಯ ಅರ್ಧ ದಾರಿಯಲ್ಲಿ ನಾಡಿ ಸಿಗದಾಯಿತು.

ಜೀಪು ನಿಲ್ಲಿಸಿದೆವು. ಮಳೆ ಸುರಿಯುತ್ತಲೇ ಇತ್ತು. ಗಂಡ ತಲೆಯ ಮೇಲೆ ಕೈಹೊತ್ತು ರಸ್ತೆಯಲ್ಲೇ ಕುಳಿತ. ಅವನ ಅಪ್ಪ, ಅರವತ್ತು ದಾಟಿದ ರೈತ, ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಿರದವರು, ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, 'ಡಾಕ್ಟ್ರೇ, ನೀವು ರಾತ್ರಿ ಊಟ ಮಾಡಿದ್ರಾ?' ಎಂದರು.

ಆ ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಆದರೆ ಇಷ್ಟು ವರ್ಷ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ಮೊದಲೇ ಜೀಪು ಹೊರಡಿಸಿದ್ದರೆ? ಮಾಸು ತೆಗೆದ ಮೇಲೆ ರಕ್ತ ನಿಂತೀತೆಂದು ನಾನು ಅರ್ಧ ಗಂಟೆ ಕಾದೆ. ಕಾದದ್ದು ಸರಿಯೆಂದು ಪುಸ್ತಕವೂ ಹೇಳೀತು, ತಪ್ಪೆಂದು ಅದೇ ಪುಸ್ತಕವೂ ಹೇಳೀತು. ಈ ವೃತ್ತಿಯ ಆಯಾಸವೆಂದರೆ ನಿದ್ದೆಗೆಡುವುದಲ್ಲ. ಇಂಥ ಅರ್ಧ ಗಂಟೆಗಳು ಪ್ರತಿ ವೈದ್ಯನ ಜೋಳಿಗೆಯಲ್ಲೂ ನಾಲ್ಕಾರು ಇರುತ್ತವೆ. ಅವುಗಳನ್ನು ಹೆಂಡತಿಗೂ ಹೇಳಿರುವುದಿಲ್ಲ.

ಈಗ ಇನ್ನೊಂದು ಸಾವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2022ರ ಮಾರ್ಚಿನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆಯ ಬಳಿಕ ಇದೇ ರಕ್ತಸ್ರಾವದಿಂದ ಒಬ್ಬ ತಾಯಿ ಸತ್ತರು. ಆಸ್ಪತ್ರೆಯ ಮುಂದೆ ಗುಂಪು ಸೇರಿತು, ಪೊಲೀಸರು ವೈದ್ಯೆಯ ಮೇಲೆ ಕೊಲೆಯ ಮೊಕದ್ದಮೆಯನ್ನೇ ದಾಖಲಿಸಿದರು. ಮರುದಿನ ಆ ವೈದ್ಯೆ ತಾನು ತಪ್ಪು ಮಾಡಿಲ್ಲ, ವೈದ್ಯರನ್ನು ಹೀಗೆ ಹಿಂಸಿಸಬೇಡಿ ಎಂದು ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಆಕೆಗೂ ಚಿಕ್ಕ ಮಕ್ಕಳಿದ್ದರು.

ನಮ್ಮ ಕಾಲದ ಜನ ಒಳ್ಳೆಯವರು, ಈಗಿನವರು ಕೆಟ್ಟವರು ಎಂದು ಹೇಳಿಬಿಟ್ಟರೆ ಸುಲಭ. ಅದು ನಿಜವಲ್ಲ, ಗಂಜಾಂನವರೂ ಹಳೆಯ ಕಾಲದವರೇ. ಆ ರಾತ್ರಿ ಆ ರೈತರು ನನ್ನ ಎದುರಿಗೇ ನಿಂತಿದ್ದರು. ಲಾಟೀನು ಹಿಡಿದವರು ಅವರೇ. ನನ್ನ ಮೊಣಕೈವರೆಗೆ ರಕ್ತವಿದ್ದದ್ದನ್ನೂ, ಸಲೈನ್ ಬಾಟಲಿ ಒಂದೊಂದಾಗಿ ಖಾಲಿಯಾದದ್ದನ್ನೂ, ನನಗೆ ಕೈ ನಡುಗಿದ್ದನ್ನೂ ಅವರು ಕಣ್ಣಾರೆ ಕಂಡಿದ್ದರು. ಈಗ ರೋಗಿ ಗಾಜಿನ ಬಾಗಿಲಿನ ಒಳಗೆ ಹೋಗುತ್ತಾನೆ. ಬಾಗಿಲ ಹೊರಗೆ ಮನೆಯವರಿಗೆ ಬರುವುದು ಔಷಧದ ಚೀಟಿ, ಹಣ ಕಟ್ಟಿ ಎಂಬ ಸೂಚನೆ, ಕೊನೆಗೊಮ್ಮೆ 'ಸಾರಿ' ಎಂಬ ಒಂದು ಮಾತು. ನಡುವೆ ಒಳಗೆ ನಾಲ್ಕು ಜನ ಎಂಟು ಗಂಟೆ ಹೋರಾಡಿರುತ್ತಾರೆ. ಅದನ್ನು ಕಂಡವರಿಲ್ಲ. ಕಾಣದ ಕಡೆ ಮನುಷ್ಯ ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾನೆ.

ಇದರಲ್ಲಿ ನಮ್ಮವರ ಪಾಲೂ ದೊಡ್ಡದೇ ಇದೆ. ದೇವರೆಂದು ಕರೆಸಿಕೊಳ್ಳುವುದು ನಮಗೆ ಹಿತವಾಗಿಯೇ ಇತ್ತು. ದೇವರು ಯಾರಿಗೂ ವಿವರಣೆ ಕೊಡಬೇಕಿಲ್ಲವಷ್ಟೆ! ಓದಲಾಗದ ಅಕ್ಷರದ ಚೀಟಿ, 'ನಿಮಗೆ ಅರ್ಥವಾಗುವುದಿಲ್ಲ ಬಿಡಿ' ಎಂಬ ಉತ್ತರ, ಇಂಗ್ಲಿಷಿನಲ್ಲಿ ಹೇಳಿದರೆ ರೋಗವೇ ದೊಡ್ಡದಾಗುವ ಹಾಗೆ ಮಾತು. ಬೇಡದ ಪರೀಕ್ಷೆ ಬರೆಯುವವರು, ಪ್ರಯೋಗಾಲಯದಿಂದ ಕಮಿಷನ್ ತೆಗೆದುಕೊಳ್ಳುವವರು ನಮ್ಮಲ್ಲಿದ್ದಾರೆ. ಇಲ್ಲವೆಂದರೆ ಈ ಸಭೆಯಲ್ಲಿ ನಗು ಏಳುತ್ತದೆ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯರು ದಿನಗಟ್ಟಲೆ ಮುಷ್ಕರ ಮಾಡಿದರು. ಮಸೂದೆಯಲ್ಲಿದ್ದ ಕೆಲವು ಅಂಶಗಳು ಅವಿವೇಕದವು ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಬಾಗಿಲು ಹಾಕಿದ ಆಸ್ಪತ್ರೆಯ ಮುಂದೆ ರೋಗಿಯನ್ನು ಆಟೋದಲ್ಲಿ ಮಲಗಿಸಿಕೊಂಡು ನಿಂತವರನ್ನು ನೋಡಿದ ಮೇಲೆ ನಮ್ಮ ಕಡೆಯ ನ್ಯಾಯವನ್ನು ಗಟ್ಟಿಯಾಗಿ ಹೇಳಲು ನನಗೆ ನಾಲಗೆ ಏಳಲಿಲ್ಲ.

ಹಣದ ಮಾತಿಗೆ ಇನ್ನೊಂದು ಬೇರು ಇದೆ. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ಶುಲ್ಕದ ಪಟ್ಟಿ ಅಲ್ಲಿ ಚರ್ಚೆಗೆ ಬಂದಿತ್ತು. ಅಂದಿನ ಆ ಅರವತ್ತು ಸಾವಿರ ಇಂದಿನ ಖಾಸಗಿ ಸೀಟಿನ ಮುಂದೆ ಚಿಲ್ಲರೆ. ಹೊಲ ಮಾರಿ, ಸಾಲ ಎತ್ತಿ ಓದಿದ ಹುಡುಗ ಮೊದಲ ದಿನದಿಂದಲೇ ಬಡ್ಡಿಯ ಲೆಕ್ಕದಲ್ಲಿ ರೋಗಿಯನ್ನು ನೋಡಿದರೆ ತಪ್ಪು ಅವನೊಬ್ಬನದೇ ಅಲ್ಲ. ಮಂಡ್ಯದಲ್ಲಿ ದಶಕಗಳ ಕಾಲ ಐದು ರೂಪಾಯಿ ಪಡೆದು ಚಿಕಿತ್ಸೆ ಕೊಟ್ಟು 'ಐದು ರೂಪಾಯಿ ಡಾಕ್ಟರು' ಎಂದೇ ಹೆಸರಾದ ಶಂಕರೇಗೌಡರನ್ನು ನೀವೆಲ್ಲ ಬಲ್ಲಿರಿ. ಅಂಥವರಿಗೆ ಕೈಮುಗಿಯೋಣ. ಆದರೆ ಅವರ ಹೆಸರನ್ನು ಉಳಿದವರ ಬೆನ್ನಿಗೆ ಬಾರುಕೋಲು ಮಾಡಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ತ್ಯಾಗವನ್ನು ಒಬ್ಬ ತಾನಾಗಿ ಮಾಡಬಹುದು, ಊರು ಬೇಡಿಕೆಯಾಗಿ ಇಡಲಾಗದು.

ಕಾನೂನು ಈ ವಿಷಯದಲ್ಲಿ ನಮ್ಮ ಭಾವನೆಗಳಿಗಿಂತ ನಿಧಾನವಾಗಿ ಯೋಚಿಸಿದೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ನಮ್ಮಲ್ಲಿ ಅನೇಕರು ಆಗ ಸಿಡಿಮಿಡಿಗೊಂಡರು. ಪ್ರಶ್ನೆ ಕೇಳುವ ಹಕ್ಕು ರೋಗಿಗೆ ಇರಬೇಕೆಂದು ನನಗೆ ಅನ್ನಿಸಿತ್ತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಬದಿಯನ್ನೂ ಹೇಳಿತು: ಚಿಕಿತ್ಸೆ ಫಲಿಸಲಿಲ್ಲ ಎಂದಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ, ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ, ಅದಕ್ಕೂ ಮೊದಲು ಇನ್ನೊಬ್ಬ ವೈದ್ಯರ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕು. ದೌಸಾದಲ್ಲಿ ಹದಿನೇಳು ವರ್ಷ ಹಳೆಯದಾದ ಈ ತೀರ್ಪು ಪೊಲೀಸರ ನೆನಪಿಗೆ ಬರಲಿಲ್ಲ. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದ ಪ್ರತ್ಯೇಕ ಕಾಯಿದೆಯೇ ಇದೆ. ಆಸ್ಪತ್ರೆಗಳಲ್ಲಿ ಅದರ ಬೋರ್ಡು ತೂಗುಹಾಕಿರುತ್ತಾರೆ. ಕೈಯೆತ್ತಿದವನು ಬೋರ್ಡು ಓದಿ ಕೈ ಇಳಿಸಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ವೈದ್ಯನನ್ನು ಏನೆಂದು ತಿಳಿಯಬೇಕು? ಇದಕ್ಕೆ ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಉತ್ತರವಿದೆ. ಅಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಶುಶ್ರೂಷೆ ಮಾಡುವವರು ಮತ್ತು ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ವೈದ್ಯನೇ ಮುಖ್ಯ, ಮಣ್ಣು, ತಿಗರಿ, ಕೋಲುಗಳ ನಡುವೆ ಕುಂಬಾರನಿದ್ದ ಹಾಗೆ, ಎಂದು ಚರಕ ಹೇಳುತ್ತಾನೆ ನಿಜ. ಆದರೆ ಮಣ್ಣಿಲ್ಲದೆ ಕುಂಬಾರ ಮಡಕೆ ಮಾಡಲಾರ. ಎರಡು ಸಾವಿರ ವರ್ಷಗಳ ಹಿಂದಿನವರು ವೈದ್ಯನನ್ನು ದೇವರ ಪೀಠದಲ್ಲಿ ಕೂರಿಸಲಿಲ್ಲ, ನಾಲ್ಕು ಕಾಲಿನ ಮಂಚದ ಒಂದು ಕಾಲನ್ನಾಗಿ ಮಾಡಿದರು.

ಔಷಧದ ಕಾಲು ಮುರಿದರೆ ಏನಾಗುತ್ತದೆ ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಕಂಡೆವು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಬಾಟಲಿಯ ಮುಚ್ಚಳ ತೆರೆದು ಏರಿಸಿದ ದಾದಿಗಾಗಲಿ, ಕತ್ತರಿ ಹಿಡಿದ ವೈದ್ಯರಿಗಾಗಲಿ ಆ ನೀರಿನೊಳಗೆ ಏನಿದೆ ಎಂದು ಕಣ್ಣಿಗೆ ಕಾಣಿಸುತ್ತದೆಯೇ? ಆದರೂ ಮನೆಯವರ ಎದುರಿಗೆ ನಿಲ್ಲಬೇಕಾದವರು ಅವರೇ.

ಶುಶ್ರೂಷೆಯ ಪಾದದ ಬಗ್ಗೆ ಒಂದೇ ಮಾತು. ದಾದಿಯರನ್ನು ನೆನೆಯದೆ ವೈದ್ಯರ ದಿನ ಮಾಡುವುದು ಅಡುಗೆಯವರನ್ನು ಬಿಟ್ಟು ಊಟವನ್ನು ಹೊಗಳಿದ ಹಾಗೆ. ಇನ್ನು ರೋಗಿಯ ಗುಣಗಳಲ್ಲಿ ಚರಕ ಹೇಳುವ ಒಂದು ನನಗೆ ಬಹಳ ಇಷ್ಟ. ತನಗೆ ಏನಾಗುತ್ತಿದೆ ಎಂಬುದನ್ನು ಸರಿಯಾಗಿ ತಿಳಿಸಬಲ್ಲವನಾಗಿರಬೇಕು ಎಂದು. ಅಂದರೆ ರೋಗಿ ಮಾತನಾಡಬೇಕು. ಅವನು ಮಾತನಾಡಬೇಕಾದರೆ ಈಚೆ ಕುಳಿತವನಿಗೆ ಕೇಳುವ ವ್ಯವಧಾನ ಬೇಕು. ಹೊರಗೆ ನೂರೈವತ್ತು ಜನ ಸಾಲುಗಟ್ಟಿರುವ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆ ವ್ಯವಧಾನ ಎಲ್ಲಿಂದ ಬರಬೇಕು?

ಕಿರಿಯ ವೈದ್ಯರ ಪಾಡನ್ನು ನೋಡಿ. 1992ರಲ್ಲಿಯೇ ಕೇಂದ್ರ ಸರ್ಕಾರ ರೆಸಿಡೆಂಟ್ ವೈದ್ಯರ ನಿರಂತರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಸೂಚಿಸಿತ್ತು. ಕಾಗದದ ಮೇಲೆ ಅದು ಹಾಗೇ ಇದೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅತ್ಯಾಚಾರಕ್ಕೂ ಕೊಲೆಗೂ ಗುರಿಯಾದ ತರಬೇತಿ ವೈದ್ಯೆ, ಮೂವತ್ತಾರು ಗಂಟೆಗಳ ಪಾಳಿಯ ನಡುವೆ ಸ್ವಲ್ಪ ಒರಗಿಕೊಳ್ಳಲು ಹೋದದ್ದು ಸೆಮಿನಾರ್ ಕೋಣೆಗೆ. ಆ ಘೋರ ಅಪರಾಧದ ಬಗ್ಗೆ ದೇಶ ಮರುಗಿತು, ಸಿಟ್ಟಾಯಿತು. ಮೂವತ್ತಾರು ಗಂಟೆಗಳ ಪಾಳಿಯ ಬಗ್ಗೆ, ಮಲಗಲು ಒಂದು ಕೋಣೆ ಇಲ್ಲದ ಬಗ್ಗೆ ಯಾಕೆ ಯಾರಿಗೂ ಆಶ್ಚರ್ಯವಾಗಲಿಲ್ಲ? ನಮಗೇ ಆಗಲಿಲ್ಲ. ನಾವೂ ಹಾಗೇ ದುಡಿದವರು, ಅದನ್ನು ಹೆಮ್ಮೆಯಿಂದ ಹೇಳಿಕೊಂಡವರು. ಇಪ್ಪತ್ತೆಂಟನೆಯ ಗಂಟೆಯಲ್ಲಿ ನನ್ನ ಔಷಧದ ಪ್ರಮಾಣವನ್ನು ತಿದ್ದಿ ಕಾಪಾಡಿದ ಒಬ್ಬ ಸಿಸ್ಟರ್ ಇಲ್ಲದಿದ್ದರೆ ಈ ಹೆಮ್ಮೆಯ ಬೆಲೆ ಎಷ್ಟಾಗುತ್ತಿತ್ತೋ.

ಚರಕನ ಅದೇ ಅಧ್ಯಾಯದ ಕೊನೆಯಲ್ಲಿ ವೈದ್ಯನಿಗಿರಬೇಕಾದ ನಾಲ್ಕು ಮನೋಭಾವಗಳು ಬರುತ್ತವೆ. ಮೈತ್ರಿ, ನೊಂದವರಲ್ಲಿ ಕರುಣೆ, ಗುಣವಾಗಬಲ್ಲ ರೋಗದಲ್ಲಿ ಪ್ರೀತಿ. ನಾಲ್ಕನೆಯದು ಉಪೇಕ್ಷೆ, ಸಾವಿನತ್ತ ಹೊರಟವರ ವಿಷಯದಲ್ಲಿ. ಕನ್ನಡದಲ್ಲಿ ಉಪೇಕ್ಷೆಯೆಂದರೆ ಅಲಕ್ಷ್ಯ, ಇಲ್ಲಿ ಅದಲ್ಲ. ಹೊರಟವರನ್ನು ಎಳೆದಾಡಬೇಡ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಮೊದಲ ಮೂರನ್ನು ಕಾಲೇಜಿನಲ್ಲಿ ಹೇಗೋ ಕಲಿಯಬಹುದು, ಈ ನಾಲ್ಕನೆಯದನ್ನು ಕಲಿಸುವವರಿಲ್ಲ. ಎಂಬತ್ತೈದರ ಅಜ್ಜನ ಎದುರು ನಿಂತು 'ಇನ್ನು ಯಂತ್ರ ಬೇಡ, ಮನೆಗೆ ಕರೆದೊಯ್ಯಿರಿ, ನೋವಿಲ್ಲದ ಹಾಗೆ ನಾನು ನೋಡಿಕೊಳ್ಳುತ್ತೇನೆ' ಎನ್ನಲು ವೈದ್ಯನಿಗೆ ಧೈರ್ಯ ಬೇಕು. ಹಾಗೆ ಹೇಳಿದರೆ ಮಗ 'ಹಣವಿಲ್ಲವೆಂದುಕೊಂಡಿರಾ?' ಎನ್ನುತ್ತಾನೆ, ಹೇಳದಿದ್ದರೆ ಅದೇ ಮಗ ಹತ್ತು ದಿನಗಳ ಬಿಲ್ಲು ಹಿಡಿದು 'ಮೊದಲೇ ಯಾಕೆ ಹೇಳಲಿಲ್ಲ?' ಎನ್ನುತ್ತಾನೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ನಿಯಮಗಳನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇದರ ಬಗ್ಗೆ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಮಾತನಾಡಿಕೊಳ್ಳಿ. ಐಸಿಯು ಬಾಗಿಲಿನಲ್ಲಿ ನಿಂತು ಆಡುವ ಮಾತಲ್ಲ ಅದು.

ಬಿಡಿಸಿ ಹೇಳಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಗಳನ್ನು ತವರಿನಿಂದ ಗಂಡನ ಮನೆಗೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಹೋದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಡಾಕ್ಟರ ಮುಂದೆ ಬಾಯಿಬಿಡಲು ನಾಚುತ್ತಿದ್ದವರಿಗೆ ಅವರು ಕನ್ನಡದಲ್ಲಿ, ಸಂಕೋಚವಿಲ್ಲದೆ, ಗದರಿಸದೆ ಹೇಳಿದರು. ಮುಂದೆ ಕ್ಯಾನ್ಸರು ಅವರನ್ನೇ ಹಿಡಿಯಿತು, 1991ರಲ್ಲಿ ತೀರಿಕೊಂಡರು. ಮೇಜಿನ ಎರಡೂ ಬದಿಯಲ್ಲಿ ಕುಳಿತವರು ಅವರು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಹೊರಡಿಸಿ ಕಾಲು ಶತಮಾನ ನಡೆಸಿದರು. ಹಗಲೆಲ್ಲ ರೋಗಿಗಳನ್ನು ನೋಡಿದ ಮನುಷ್ಯ ರಾತ್ರಿ ಹಾಸ್ಯ ಬರೆಯಲು ಹೇಗೆ ಕೂರುತ್ತಿದ್ದರೆಂದು ಚಿಕ್ಕವನಿದ್ದಾಗ ನನಗೆ ಸೋಜಿಗವಾಗುತ್ತಿತ್ತು. ಈಗ ಆಗುವುದಿಲ್ಲ. ಹಾಸ್ಯವಿಲ್ಲದಿದ್ದರೆ ಬೆಳಿಗ್ಗೆ ಮತ್ತೆ ಹೋಗಿ ಆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ.

ಮಲೆನಾಡಿನ ಆ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಮೂರು ತಿಂಗಳಾಗಿತ್ತು, ಮಳೆ ಬಿಟ್ಟಿತ್ತು. ಒಂದು ಬೆಳಿಗ್ಗೆ ದವಾಖಾನೆಯ ಬೆಂಚಿನ ತುದಿಯಲ್ಲಿ ಆ ಹಿರಿಯರು ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಆಕೆಯ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ನನಗೆ ಎದೆ ಧಸಕ್ಕೆಂದಿತು. ಏನೋ ಕೇಳಲು ಬಂದಿದ್ದಾರೆ ಎಂದುಕೊಂಡೆ. ಬಹುಶಃ ಆ ಅರ್ಧ ಗಂಟೆಯ ವಿಷಯ. ಅವರು ತಮ್ಮ ಸರದಿ ಬರುವವರೆಗೆ ಕಾದು, ಎದ್ದು ಬಂದು, 'ಮೊಮ್ಮಗಳಿಗೆ ನಾಯಿಕೆಮ್ಮಿನ ಚುಚ್ಚುಮದ್ದು ಯಾವಾಗ ಹಾಕಿಸಬೇಕು ಡಾಕ್ಟ್ರೇ?' ಎಂದು ಕೇಳಿದರು. ಔಷಧ ತಾಲ್ಲೂಕಿನಿಂದ ಬರಬೇಕು, ಮಂಗಳವಾರ ಬನ್ನಿ ಎಂದೆ.

ಮಂಗಳವಾರ ಬಂದರು.